ಬಣ್ಣದ ಪೆಟ್ಟಿಗೆ ಯಾರದು?

ನಾಗಪುರದಿಂದ ಛಿಂದ್ವಾಡಾ ಕಡೆಗೆ ಹೊರಟವರಿಗೆ ಸಾವನೇರ್ ಎಂದರೆ ಚಹಾಕ್ಕೆ ಗಾಡಿ ನಿಲ್ಲಿಸುವ ಊರು. ಸುತ್ತ ಹತ್ತಿ, ಕಿತ್ತಳೆ, ನೆಲದಡಿಯಲ್ಲಿ ಕಲ್ಲಿದ್ದಲು. ಸಂಘದ ಕಾರ್ಯಕ್ರಮಕ್ಕೆ ಬಂದಾಗಲೆಲ್ಲ ಯಾರಾದರೊಬ್ಬರು "ಅಲ್ಲಿ ಹೇಗಿರ್ತೀರಿ, ಬೇಜಾರಾಗಲ್ವಾ?" ಎಂದು ಕೇಳುತ್ತೀರಿ. ಇವರ ಕೆಲಸ ಗಣಿಯಲ್ಲಿ, ನನ್ನದು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಬೇಜಾರಾಗಲು ಪುರಸೊತ್ತಿಲ್ಲ. ಮಹಿಳಾ ವೇದಿಕೆಯ ಇ-ಸ್ಮರಣ ಸಂಚಿಕೆಗೆ ಲೇಖನ ಬೇಕು ಎಂದಾಗ ಏನು ಬರೆಯಲಿ ಎಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ವಿಷಯ ಕೆಳಗಿನ ಮನೆಯಲ್ಲೇ ಇತ್ತು.

ಕೆಳಗಿನ ಮನೆಯ ಮರಾಠಿ ಹುಡುಗಿ ಮದುಮಗಳ ಮೇಕಪ್ ಮಾಡುತ್ತಾಳೆ. ನನ್ನನ್ನು 'ತಾಯಿ' ಎಂದು ಕರೆಯುತ್ತಾಳೆ. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ಊರಿಂದ ಬಂದಿದ್ದ ನಮ್ಮತ್ತೆ ಮೊದಲ ದಿನ ಅದನ್ನು ಕೇಳಿ, "ಇಷ್ಟು ದೊಡ್ಡ ಮಗಳು ನಿನಗೆ ಯಾವಾಗ ಹುಟ್ಟಿದ್ಲೇ?" ಎಂದು ನಕ್ಕಿದ್ದರು. ತುಳಸಿ ಲಗ್ನ ಮುಗಿದು ಮದುವೆಯ ಕಾಲ ಶುರುವಾದರೆ ಸಾಕು, ಚಕ್ರದ ಕಪ್ಪು ಪೆಟ್ಟಿಗೆ ಎಳೆದುಕೊಂಡು ಕಾಟೋಲ್, ಕಳಮೇಶ್ವರ ಎಂದು ಓಡಾಡುತ್ತಿರುತ್ತಾಳೆ.

ಎರಡು ವರ್ಷದ ಹಿಂದೆ ಅವಳಿಗೊಂದು ಪೆಟ್ಟು ಬಿತ್ತು. ಸಗಟು ಅಂಗಡಿಯೊಂದರಿಂದ ತಂದಿದ್ದ, ಬಿಳುಪು ಮಾಡುತ್ತದೆ ಎನ್ನುವ ಕ್ರೀಮೊಂದನ್ನು ಹಚ್ಚಿದ ಮೇಲೆ ಮದುಮಗಳ ಕೆನ್ನೆ ಕೆಂಪಾಗಿ, ಮರುದಿನ ಸಿಪ್ಪೆ ಎದ್ದಿತು. ಡಬ್ಬಿಯ ಮೇಲೆ ಚೆಂದದ ಚಿತ್ರವಿತ್ತು. ತಯಾರಿಸಿದವರ ವಿಳಾಸವಿರಲಿಲ್ಲ, ಲೈಸೆನ್ಸ್ ನಂಬರಿರಲಿಲ್ಲ. ಅಂಗಡಿಯವನು ಕೈ ತೊಳೆದುಕೊಂಡ. ಮದುವೆಮನೆಯವರು ಬೈದದ್ದು ಇವಳನ್ನು. ಹಣ ವಾಪಸ್ ಕೊಟ್ಟಳು, ಆ ವರ್ಷ ಐದಾರು ಮದುವೆಗಳು ಕೈಬಿಟ್ಟವು. ಆಮೇಲೊಂದು ಸಂಜೆ ಮೇಲೆ ಬಂದು, "ತಾಯಿ, ನಾನು ನನ್ನ ಹೆಸರಿನದೇ ಕಾಜಲ್ ಮಾಡ್ತೀನಿ, ಆಮೇಲೆ ಫೌಂಡೇಶನ್. ನೀವು ವೆಬ್‌ಸೈಟ್ ಮಾಡಿಕೊಡ್ತೀರಾ?" ಎಂದಳು. ಎರಡು ದಿನದ ಕೆಲಸ ಎಂದುಬಿಟ್ಟೆ. ಎಂ.ಟೆಕ್. ಓದಿದವರ ಅಹಂಕಾರ ಅಂದುಕೊಳ್ಳಿ. ಅವಳು ಕೇಳಿದ್ದು ಎಂಥ ದೊಡ್ಡ ಹೆಜ್ಜೆ ಎನ್ನುವುದು ನನಗೆ ತಿಳಿದದ್ದು ಆಮೇಲೆ, ಬಣ್ಣ ಹಚ್ಚುವವರ ಚರಿತ್ರೆಯನ್ನು ಹುಡುಕಿಕೊಂಡು ರಾತ್ರಿ ಕೂತು ಓದಿದಾಗ.

ಓದು ಶುರುವಾದದ್ದು ನಮ್ಮೂರಿಂದಲೇ. ಮರಾಠಿ ನಾಟಕಕಾರ ರಾಮ ಗಣೇಶ ಗಡಕರಿ ತೀರಿಕೊಂಡದ್ದು ಇದೇ ಸಾವನೇರ್‌ನಲ್ಲಿ, 1919ರ ಜನವರಿ 23ರಂದು. ಆಗ ಅವರಿಗೆ 33 ವರ್ಷ, ಕ್ಷಯರೋಗ. ಕುಡಿತದಿಂದ ಹಾಳಾಗುವ ಸಂಸಾರದ ಕಥೆಯಾದ ಅವರ 'ಏಕಚ್ ಪ್ಯಾಲಾ' ರಂಗಕ್ಕೆ ಬಂದದ್ದು ಅದೇ ವರ್ಷ, ಅವರು ಹೋದ ಮೇಲೆ. ಅದರಲ್ಲಿ ಕುಡುಕನ ಹೆಂಡತಿ ಸಿಂಧುವಿನ ಪಾತ್ರ ಮಾಡಿದವರು ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. ಜರಿ ಸೀರೆ, ಒಡವೆಗಳಲ್ಲಿ ಮೆರೆಯುತ್ತಿದ್ದ ಆ ನಟ ತೇಪೆ ಹಾಕಿದ ಸೀರೆಯುಟ್ಟು ಬಂದಾಗ ಪ್ರೇಕ್ಷಕರು ಬೆರಗಾದರಂತೆ.

ಬಾಲಗಂಧರ್ವರ ಕಾಲದಲ್ಲಿ ಹೆಣ್ಣು ಹೇಗೆ ಕಾಣಬೇಕು ಎನ್ನುವುದನ್ನು ತೋರಿಸಿಕೊಟ್ಟದ್ದು ಆ ಒಬ್ಬ ಗಂಡಸು. ಅವರು ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿಯನ್ನು ಮುಂಬೈ, ಪುಣೆಯ ಗೃಹಿಣಿಯರು ಅನುಕರಿಸಿದರು. ಅವರ ಚಿತ್ರ ಹಾಕಿ ಸೋಪು, ಪೌಡರು ಮಾರಿದವರಿದ್ದರು. ಇಂದು ನಾವು ಬ್ರ್ಯಾಂಡ್ ಎನ್ನುವುದರ ಬೀಜ ಅಲ್ಲೇ ಇದೆ. ಆ ಬೀಜ ಇದ್ದದ್ದು ಗಂಡಸು ಕಟ್ಟಿಕೊಂಡ ಹೆಣ್ಣುಮುಖದಲ್ಲಿ. ಸಿನಿಮಾ ಬಂದಾಗಲೂ ಅದೇ ಕತೆ. ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ದ ತಾರಾಮತಿ ಅಣ್ಣಾ ಸಾಳುಂಕೆ. 1917ರ 'ಲಂಕಾದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು!

ಇಲ್ಲಿ ನನ್ನ ತವರಿನ ವಿಚಾರ ಹೇಳದೇ ಇರಲಾರೆ. ನಾನು ಹೊನ್ನಾವರ ತಾಲ್ಲೂಕಿನವಳು. ಕರ್ಕಿ ನಮಗೆ ಹತ್ತಿರ. ಕರ್ಕಿಯ ಯಕ್ಷಗಾನ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಅಲ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಇಂಥದ್ದೇ ಮರಾಠಿಯಲ್ಲಿ ಆಗಲಿ ಎಂದರು. ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಆರಂಭ ಎಂದು ಎಣಿಸುವುದು ಅದನ್ನೇ. ಮುಂದೆ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಈ ವಿಷಯವನ್ನು ಕೆಳಗಿನ ಮನೆಯ ಹುಡುಗಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವಳು "ಅಂದ್ರೆ ಮೇಕಪ್ ಕೂಡ ನಿಮ್ಮೂರಿಂದಲೇ ಬಂತಾ?" ಎಂದಳು. ಅಷ್ಟು ಹೇಳುವ ಧೈರ್ಯ ನನಗಿಲ್ಲ. ಆದರೆ ಮೇಕಪ್ ಎಂದರೇನು ಎಂದು ನಾನು ಮೊದಲು ಕಂಡದ್ದು ಯಕ್ಷಗಾನದ ಚೌಕಿಯಲ್ಲೇ.

ಚಿಕ್ಕವಳಿದ್ದಾಗ ಅಪ್ಪನ ಕೈಹಿಡಿದು ಚೌಕಿಗೆ ಇಣುಕುತ್ತಿದ್ದೆ. ಎಲ್ಲರೂ ನೆಲದಲ್ಲಿ ಸಾಲಾಗಿ ಕೂತು, ಕೈಯಲ್ಲೊಂದು ಪುಟ್ಟ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಿದ್ದರು. ಯಕ್ಷಗಾನದಲ್ಲಿ ಬಣ್ಣಗಾರ ಬೇರೆ, ವೇಷಧಾರಿ ಬೇರೆ ಅಲ್ಲ. ಬಿಳಿಗೆ ಸಫೇತು, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಕಲಸಲು ತೆಂಗಿನೆಣ್ಣೆ. ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ. ಈಗ ಕೂತು ನೋಡಿದರೆ ಗೊತ್ತಾಗುತ್ತದೆ: ಅರದಾಳ ಎಂದರೆ ಆರ್ಸೆನಿಕ್ ಮತ್ತು ಗಂಧಕ, ಇಂಗಳೀಕ ಎಂದರೆ ಪಾದರಸ ಮತ್ತು ಗಂಧಕ. ರಾತ್ರಿಯಿಡೀ ಬೆವರುವ ಚರ್ಮದ ಮೇಲೆ, ಒಂದು ಆಟವಲ್ಲ, ಒಂದು ಜೀವಮಾನ. ಯಾರೂ ಡಬ್ಬಿಯ ಮೇಲಿನ ಲೇಬಲ್ ಓದಿದವರಲ್ಲ. ಆಗ ಲೇಬಲ್ ಎಲ್ಲಿತ್ತು?

ಯುರೋಪಿನ ರಂಗಭೂಮಿಗೂ ಅದೇ ಪಾಡು. ಅಲ್ಲಿ ಸೀಸದ ಬಿಳಿ. ಲುಡ್ವಿಗ್ ಲೈಷ್ನರ್ ಎಂಬ ಒಪೇರಾ ಗಾಯಕ, ರಸಾಯನಶಾಸ್ತ್ರವನ್ನೂ ಕಲಿತಿದ್ದವನು, ಸೀಸವಿಲ್ಲದ ಗ್ರೀಸ್‌ಪೇಂಟ್ ಮಾಡಿ 1873ರಲ್ಲಿ ಬರ್ಲಿನ್‌ನಲ್ಲಿ ಕಂಪನಿ ತೆರೆದ. ಆ ಬಣ್ಣವನ್ನು ತನ್ನ ಮುಖಕ್ಕೇ ಬಳಸುತ್ತಿದ್ದವನು ಅವನು. ಇದನ್ನು ಓದಿದಾಗ ಕೆಳಗಿನ ಮನೆಯ ಹುಡುಗಿಯ ಆಸೆ ನನಗೆ ಸ್ವಲ್ಪ ಅರ್ಥವಾಯಿತು. ಬಣ್ಣ ಎಲ್ಲಿ ಕೈಕೊಡುತ್ತದೆ ಎಂಬುದು ಕಾರ್ಖಾನೆಯವರಿಗಿಂತ ಮೊದಲು ಗೊತ್ತಾಗುವುದು ಅದನ್ನು ಹಚ್ಚುವವರಿಗೆ.

ಈ ಮಾತಿಗೆ ಮ್ಯಾಕ್ಸ್ ಫ್ಯಾಕ್ಟರ್‌ಗಿಂತ ದೊಡ್ಡ ಸಾಕ್ಷಿ ಬೇಡ. ಪೋಲೆಂಡಿನ ಬಡ ಯಹೂದಿ ಮನೆಯ ಹುಡುಗ. ವಿಗ್ ಕಟ್ಟುವುದನ್ನು ಕಲಿತು, ರಷ್ಯಾದ ರಾಜಮನೆತನದ ಒಪೇರಾಕ್ಕೆ ಕೆಲಸ ಮಾಡಿ, 1904ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ಕೆಲವು ವರ್ಷಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವನ ಅಂಗಡಿ. ಆಗ ಸಿನಿಮಾ ನಟರು ನಾಟಕದ ಗ್ರೀಸ್‌ಪೇಂಟನ್ನೇ ದಪ್ಪಗೆ ಬಳಿದುಕೊಳ್ಳುತ್ತಿದ್ದರು. ರಂಗದ ಮೇಲೆ ದೂರದಿಂದ ಕಾಣದ ಬಿರುಕು ಕ್ಯಾಮೆರಾದ ಹತ್ತಿರದ ನೋಟಕ್ಕೆ ಕಾಣುತ್ತಿತ್ತು. ನಕ್ಕರೆ ಕೆನ್ನೆ ಸೀಳುವುದು. 1914ರಲ್ಲಿ ಅವನು ತೆಳುವಾಗಿ ಹರಡುವ, ಮುಖದ ಜೊತೆ ಬಗ್ಗುವ ಬಣ್ಣ ಮಾಡಿದ. ಟೆಕ್ನಿಕಲರ್ ಸಿನಿಮಾ ಬಂದಾಗ ಇನ್ನೊಂದು ತೊಡಕು: ಹಳೆಯ ಬಣ್ಣದ ಜಿಡ್ಡಿನ ಹೊಳಪು ಸುತ್ತಲಿನ ಬಣ್ಣಗಳನ್ನೆಲ್ಲ ಪ್ರತಿಫಲಿಸುತ್ತಿತ್ತು. ಅದಕ್ಕೆ ಉತ್ತರವಾಗಿ ಒದ್ದೆ ಸ್ಪಂಜಿನಲ್ಲಿ ಹಚ್ಚುವ, ಬಿಲ್ಲೆಯ ರೂಪದ 'ಪ್ಯಾನ್‌ಕೇಕ್' ಬಂತು. ಚಿತ್ರೀಕರಣದಲ್ಲಿದ್ದ ಹುಡುಗಿಯರು ಆ ಬಿಲ್ಲೆಗಳನ್ನು ಸದ್ದಿಲ್ಲದೆ ಮನೆಗೆ ಒಯ್ಯತೊಡಗಿದರಂತೆ. ಕಳವಾಗುವ ವಸ್ತುವಿಗೆ ಮಾರುಕಟ್ಟೆ ಇದೆ ಎಂದು ತಿಳಿಯಲು ಸರ್ವೇ ಬೇಕೇ? ಅದು ಅಂಗಡಿಗೆ ಬಂತು. ಅವನು 1938ರಲ್ಲಿ ಸತ್ತ. 'ಪ್ಯಾನ್‌ಕೇಕ್' ಎಂಬ ಮಾತು ನಮ್ಮ ಗಾಂಧಿನಗರದ ಮೇಕಪ್ ಕೋಣೆಗಳಲ್ಲಿಯೂ ಉಳಿಯಿತು.

ಆದರೆ ಗಮನಿಸಿ, ಲೈಷ್ನರ್, ಫ್ಯಾಕ್ಟರ್, ಹಾಲಿವುಡ್‌ನ ಸ್ಟುಡಿಯೋಗಳ ಮೇಕಪ್ ವಿಭಾಗಗಳನ್ನು ಆಳಿದ ವೆಸ್ಟ್‌ಮೋರ್ ಸಹೋದರರು, ಎಲ್ಲರೂ ಗಂಡಸರು. ಹೆಲೆನಾ ರುಬಿನ್‌ಸ್ಟೀನ್, ಎಲಿಜಬೆತ್ ಆರ್ಡನ್, ಮೇಡಂ ಸಿ.ಜೆ. ವಾಕರ್ ಎಂಬ ಹೆಂಗಸರು ಅದೇ ಕಾಲದಲ್ಲಿ ದೊಡ್ಡ ಕಂಪನಿ ಕಟ್ಟಿದರು ನಿಜ. ಅವರು ಬಂದದ್ದು ಸಲೂನಿನಿಂದ, ಕೂದಲೆಣ್ಣೆಯಿಂದ, ಮುಖದ ಕ್ರೀಮಿನಿಂದ. ಕ್ಯಾಮೆರಾದ ಪಕ್ಕ ಬ್ರಷ್ ಹಿಡಿದು ನಿಂತವರಲ್ಲ. ಮೇಕಪ್ ಕಲಾವಿದೆಯೊಬ್ಬಳು ತನ್ನ ಹೆಸರಿನ ಡಬ್ಬಿ ಮಾರಿ ಹೆಸರಾದದ್ದಕ್ಕೆ ಒಳ್ಳೆಯ ಉದಾಹರಣೆ ಬಾಬಿ ಬ್ರೌನ್. 1991ರಲ್ಲಿ, ಒಬ್ಬ ರಸಾಯನಶಾಸ್ತ್ರಜ್ಞನ ನೆರವು ಪಡೆದು, ನ್ಯೂಯಾರ್ಕಿನ ಒಂದು ಅಂಗಡಿಯಲ್ಲಿ ಹತ್ತೇ ಹತ್ತು ಲಿಪ್‌ಸ್ಟಿಕ್. ತುಟಿಯ ಸಹಜ ಬಣ್ಣಕ್ಕೆ ಹತ್ತಿರದ ಕಂದು ಛಾಯೆಗಳು. ನಾಲ್ಕು ವರ್ಷಕ್ಕೆ ಎಸ್ಟೀ ಲಾಡರ್ ಅದನ್ನು ಕೊಂಡಿತು.

ನಮ್ಮಲ್ಲಿ? 1952ರಲ್ಲಿ ಟಾಟಾದವರ ಲ್ಯಾಕ್ಮೆ ಬಂತು. ವಿದೇಶಿ ಸೌಂದರ್ಯ ಸಾಮಗ್ರಿಗೆ ಸುರಿಯುವ ಹಣ ಉಳಿಸಲೆಂದು ನೆಹರೂ ಅವರೇ ಜೆ.ಆರ್.ಡಿ. ಟಾಟಾರಿಗೆ ಹೇಳಿದರು ಎಂಬ ಕಥೆ ಇದೆ. ಹೆಸರು ಫ್ರೆಂಚ್ ಒಪೇರಾದ್ದು, ಮೂಲ ಮಾತ್ರ ನಮ್ಮ ಲಕ್ಷ್ಮಿ. ಅದನ್ನು ಬೆಳೆಸಿದವರು ಸಿಮೋನ್ ಟಾಟಾ. ಅದೇ 1952ರಲ್ಲಿ ಹುಟ್ಟಿದ್ದು ವಿಕೋ. ಸ್ಥಾಪಕ ಕೇಶವ ವಿಷ್ಣು ಪೆಂಢಾರ್ಕರ್ ನಮ್ಮ ನಾಗಪುರದಿಂದ ಮುಂಬೈಗೆ ಹೋದವರು. ದೂರದರ್ಶನ ನೋಡಿ ಬೆಳೆದ ನಮಗೆಲ್ಲ ಅವರ ಅರಿಶಿನದ ಕ್ರೀಮಿನ ಜಾಹೀರಾತು ಬಾಯಿಪಾಠ. ಅದು ಕಾಸ್ಮೆಟಿಕ್ ಅಲ್ಲ, ಆಯುರ್ವೇದ ಔಷಧ ಎಂಬ ಸಾಲು ಬರಿಯ ಪ್ರಾಸವಲ್ಲ ಎಂದು ನನಗೆ ಗೊತ್ತಾದದ್ದು ಇತ್ತೀಚೆಗೆ. ಅಬಕಾರಿ ಸುಂಕದ ಇಲಾಖೆಯ ಜೊತೆ ಆ ಕಂಪನಿ ದಶಕಗಳ ಕಾಲ ನ್ಯಾಯಾಲಯದಲ್ಲಿ ವಾದಿಸಿದ್ದೇ ಅದನ್ನು. ಲೇಬಲ್ಲಿನ ಒಂದು ಪದಕ್ಕೆ ಅಷ್ಟು ಬೆಲೆ! ಇವೆರಡೂ ಬಂಡವಾಳದಿಂದ, ವ್ಯಾಪಾರದಿಂದ ಬಂದ ಬ್ರ್ಯಾಂಡುಗಳು. ಬ್ರಷ್ ಹಿಡಿದ ಕೈಯಿಂದ ಬಂದವಲ್ಲ.

ಬ್ರಷ್ ಹಿಡಿದ ಹೆಣ್ಣು ನಮ್ಮಲ್ಲಿ ಇರಲೇ ಇಲ್ಲವೇ ಎಂದರೆ, ಇದ್ದಳು, ನಾಟಕ ಕಂಪನಿಗಳಲ್ಲಿ. ಬೀಳಗಿಯ ಗೋಹರಬಾಯಿ ಕರ್ನಾಟಕಿ, ಗಾಯಕಿ ಅಮೀರಬಾಯಿಯ ಅಕ್ಕ, ಬಾಲಗಂಧರ್ವರ ಕಂಪನಿ ಸೇರಿ ಅವರು ಮೆರೆದ ಸ್ತ್ರೀಪಾತ್ರಗಳಲ್ಲೇ ನಿಂತಳು. ಅಷ್ಟು ವರ್ಷ ಗಂಡು ಬರೆದ ಹೆಣ್ಣುಮುಖವನ್ನು ಕೊನೆಗೆ ನಮ್ಮ ಕಡೆಯ ಹೆಣ್ಣೊಬ್ಬಳು ತನ್ನ ಮುಖದ ಮೇಲೆ ಬರೆದುಕೊಂಡಳು ಎಂದು ನಾನು ಓದಿಕೊಳ್ಳುತ್ತೇನೆ. ಮೈಸೂರಿನ ಆರ್. ನಾಗರತ್ನಮ್ಮನವರದು ಇನ್ನೂ ಸೊಗಸು. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ರಾವಣ, ಭೀಮ, ದುರ್ಯೋಧನನ ವೇಷ ಸ್ವತಃ ಅವರದು. ಬಾಲಗಂಧರ್ವರ ಲೆಕ್ಕವನ್ನು ಮೀಸೆ ಬರೆದುಕೊಂಡು ತೀರಿಸಿದರು! 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ನಾಟಕದಲ್ಲಿ ಹೀಗಾದರೆ ಸಿನಿಮಾದಲ್ಲಿ ಬಾಗಿಲಿಗೆ ಬೀಗವೇ ಇತ್ತು. ಇದನ್ನು ಓದಿದಾಗ ನಾನು ನಂಬಲಿಲ್ಲ. ತೀರ್ಪನ್ನೇ ತೆರೆದು ನೋಡಿದೆ. ಮುಂಬೈಯ ಸಿನಿ ಕಾಸ್ಟ್ಯೂಮ್, ಮೇಕಪ್ ಆರ್ಟಿಸ್ಟ್ಸ್ ಮತ್ತು ಹೇರ್ ಡ್ರೆಸರ್ಸ್ ಸಂಘದ ನಿಯಮದಂತೆ ಮೇಕಪ್ ಕಲಾವಿದರ ಕಾರ್ಡು ಗಂಡಸರಿಗೆ ಮಾತ್ರ. ಹೆಂಗಸರು ಕೂದಲು ಕಟ್ಟಬಹುದು, ಮುಖ ಮುಟ್ಟುವ ಹಾಗಿಲ್ಲ. ದೀಪಿಕೆಯಂಥ ನಮ್ಮ ಬೆಂಗಳೂರಿನ ಹುಡುಗಿಯರು ಪರದೆ ಆಳುತ್ತಿದ್ದ ಕಾಲದಲ್ಲಿ, ಅದೇ ಪರದೆಯ ಹಿಂದೆ, ಈ ನಿಯಮ! ಹೆಣ್ಣುಮಕ್ಕಳು ಬಂದರೆ ಸಂಸಾರ ಹೊತ್ತ ಗಂಡಸರ ಅನ್ನಕ್ಕೆ ಕಲ್ಲು ಬೀಳುತ್ತದೆ ಎನ್ನುವುದು ವಾದ. ಹೆಣ್ಣಿಗೂ ಸಂಸಾರ ಇರುತ್ತದೆ ಎನ್ನುವುದು ಯಾರಿಗೂ ಹೊಳೆದಂತಿಲ್ಲ.

ಚಾರು ಖುರಾನಾ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಮೇಕಪ್ ಕಲಿತು ಬಂದವರು. ಕಾರ್ಡಿಗೆ ಅರ್ಜಿ ಹಾಕಿದರು, 2009ರಲ್ಲಿ ತಿರಸ್ಕಾರ. ಕಾರಣ ಎರಡು: ಹೆಣ್ಣು ಎನ್ನುವುದು ಒಂದು, ಮಹಾರಾಷ್ಟ್ರದಲ್ಲಿ ಐದು ವರ್ಷ ನೆಲೆಸಿಲ್ಲ ಎನ್ನುವುದು ಇನ್ನೊಂದು. ಎರಡನೆಯ ಕಾರಣ ಓದುವಾಗ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಸಾವನೇರ್‌ಗೆ ಬಂದು ನನಗೆ ಆದದ್ದು ನಾಲ್ಕು ವರ್ಷ. ಹೊರನಾಡಿನಲ್ಲಿ ಮದುವೆಯಾಗಿ ಬಂದ ನಮ್ಮಂಥವರಿಗೆ ಆ ನಿಯಮ ಎರಡು ಬೀಗ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗದಂತೆ ಮೊದಲೇ ಬರೆದಿಟ್ಟ ಕೋಡ್. ಅವರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠ ಎರಡೂ ನಿಯಮಗಳನ್ನು ಕಿತ್ತುಹಾಕಿತು. ಸಂವಿಧಾನದ 14, 19(1)(ಜಿ) ಮತ್ತು 21ನೇ ವಿಧಿ: ಸಮಾನತೆ, ಉದ್ಯೋಗದ ಸ್ವಾತಂತ್ರ್ಯ, ಬದುಕುವ ಹಕ್ಕು. ಅಂದು ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಆ ಸುದ್ದಿ ನನ್ನ ಕಣ್ಣಿಗೆ ಬಿದ್ದ ನೆನಪೇ ಇಲ್ಲ.

ಮುಖಕ್ಕೆ ಬಣ್ಣ ಹಚ್ಚುವ ಕೈಗೆ ಕಾರ್ಡೇ ಇಲ್ಲದಿದ್ದರೆ ಆ ಕೈಯ ಹೆಸರು ಡಬ್ಬಿಯ ಮೇಲೆ ಹೇಗೆ ಬರಬೇಕು? ಪರದೆಯ ಕೊನೆಯಲ್ಲಿ ಹೆಸರು ಬಂದರೆ ಜನಕ್ಕೆ ಗೊತ್ತಾಗುತ್ತದೆ, ಗೊತ್ತಾದರೆ ನಂಬಿಕೆ, ನಂಬಿಕೆ ಇದ್ದರೆ ಡಬ್ಬಿ. ಫ್ಯಾಕ್ಟರ್‌ಗೆ ಆ ದಾರಿ ತೆರೆದಿತ್ತು. ಹಿಂದಿ ಸಿನಿಮಾಗಳಲ್ಲಿ ಕೆಲಸ ಮಾಡಿದ ನಮ್ರತಾ ಸೋನಿ ಈಗ 'ಸಿಂಪ್ಲಿ ನಾಮ್' ಎಂಬ ತಮ್ಮದೇ ಬ್ರ್ಯಾಂಡ್ ಕಟ್ಟಿದ್ದಾರೆ. ನಮ್ಮ ಹುಡುಗಿಯ ಫೋನಿನಲ್ಲಿ ಅವರ ವಿಡಿಯೋಗಳಿವೆ. ಸಾವನೇರ್‌ನ ಮದುವೆಮನೆಗೂ ಆ ತೀರ್ಪಿಗೂ ನೇರ ಸಂಬಂಧವಿಲ್ಲ, ಸರಿಯೇ. ಇವಳಿಗೆ ಯಾವ ಸಂಘದ ಕಾರ್ಡೂ ಬೇಕಾಗಿಲ್ಲ. ಆದರೆ 'ಮೇಕಪ್ ನನ್ನ ಉದ್ಯೋಗ' ಎಂದು ಅವಳು ಅಪ್ಪನ ಮುಂದೆ ನಿಂತು ಹೇಳುವ ಗಟ್ಟಿತನ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಆ ದಿನಾಂಕವೇ ನೆನಪಾಗುತ್ತದೆ.

ಇನ್ನು ಡಬ್ಬಿಯ ವಿಚಾರ. ನಮ್ಮಜ್ಜಿಯ ಕಾಡಿಗೆ ಎಲ್ಲರ ಮನೆಯದರಂತೆಯೇ: ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸುವುದು. ಮೇಲೆ ಕವಿಚಿದ ತಾಮ್ರದ ತಟ್ಟೆಗೆ ಕಟ್ಟಿದ ಮಸಿಯನ್ನು ಬೆಳಿಗ್ಗೆ ಕೆರೆದು ತುಪ್ಪದಲ್ಲಿ ಕಲಸುವುದು. ಈ ವಿಧಾನವನ್ನೇ ಅವಳಿಗೆ ಕೊಟ್ಟು, "ಇದನ್ನೇ ಡಬ್ಬಿಗೆ ತುಂಬು, ಉಳಿದದ್ದು ನನಗೆ ಬಿಡು" ಎಂದಿದ್ದೆ. ಪುಟದ ವಿನ್ಯಾಸ ಮುಗಿಸಿ, ಹಣ ಕಟ್ಟುವ ಗುಂಡಿಯನ್ನೂ ಜೋಡಿಸಿದ್ದೆ. ಲೇಬಲ್ಲಿನಲ್ಲಿ ಏನೇನಿರಬೇಕು ಎಂದು ಸುಮ್ಮನೆ ನೋಡಲು ಹೋದವಳು ಅಲ್ಲೇ ಕೂತುಬಿಟ್ಟೆ. 1940ರ ಔಷಧ ಕಾಯ್ದೆಗೆ ಸೌಂದರ್ಯ ಸಾಮಗ್ರಿ ಸೇರಿದ್ದು 1962ರಲ್ಲಿ. ಈಗ ಅದಕ್ಕೆ 2020ರ ಪ್ರತ್ಯೇಕ ನಿಯಮಾವಳಿ ಇದೆ. ಮಾರುವುದಕ್ಕೆಂದು ಅಡುಗೆಮನೆಯಲ್ಲಿ ಕಾಡಿಗೆ ಮಾಡುವ ಹಾಗಿಲ್ಲ. ಸಿಒಎಸ್-5 ಎಂಬ ಅರ್ಜಿ, ತಕ್ಕ ಜಾಗ, ಅರ್ಹತೆ ಇರುವ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಯ ಏರ್ಪಾಡು. ಒಪ್ಪಿದರೆ ಸಿಒಎಸ್-8 ಎಂಬ ಲೈಸೆನ್ಸ್. ಇಲ್ಲವೇ ಲೈಸೆನ್ಸ್ ಇರುವ ಕಾರ್ಖಾನೆಯಿಂದ ಮಾಡಿಸಿಕೊಳ್ಳಬೇಕು. ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗ ಮೀರಬಾರದು, ಆರ್ಸೆನಿಕ್ 2 ಭಾಗ.

ಆರ್ಸೆನಿಕ್, 2 ಭಾಗ. ಚೌಕಿಯ ಅರದಾಳ ನೆನಪಾಯಿತು.

ಮೊದಲು ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಇಷ್ಟು ದಿನ ಸಂಘದ ಕಾರ್ಡು ಅಡ್ಡ ಬಂತು, ಈಗ ಸರ್ಕಾರದ ಅರ್ಜಿ ಅಡ್ಡ ಬಂತೇ, ಮನೆಯಲ್ಲಿ ಕೂತು ದುಡಿಯುವ ಹೆಣ್ಣಿಗೆ ಇದೆಲ್ಲ ಎಟುಕುತ್ತದೆಯೇ ಎಂದು. ಇದನ್ನೇ ಅವಳಿಗೆ ಹೇಳಿದೆ. ಸಣ್ಣ ಮಟ್ಟದಲ್ಲಿ ಪರಿಚಯದವರಿಗೆ ಮಾರಿದರೆ ಯಾರು ಕೇಳುತ್ತಾರೆ ಎಂದೂ ಬಾಯಿ ತಪ್ಪಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಯಿ, ಆ ಕ್ರೀಮಿನ ಡಬ್ಬಿ ಮೇಲೂ ನಂಬರ್ ಇರಲಿಲ್ಲ" ಎಂದಳು.

ಬೀಗ ಎರಡು ಬಗೆ ಎನ್ನುವುದು ನನಗೆ ಹೊಳೆದದ್ದು ಆಗ. ಮುಂಬೈಯ ಆ ನಿಯಮ ಯಾರು ಒಳಗೆ ಬರಬಾರದು ಎಂದು ನೋಡುತ್ತಿತ್ತು. ಈ ನಿಯಮ ಮದುಮಗಳ ಕೆನ್ನೆಯೊಳಗೆ ಏನು ಹೋಗಬಾರದು ಎಂದು ನೋಡುತ್ತದೆ. ಓದಿದ ನನಗಿಂತ ಅದು ಅವಳಿಗೆ ಬೇಗ ಗೊತ್ತಾಗಿತ್ತು, ಏಕೆಂದರೆ ಆ ಕೆನ್ನೆಯನ್ನು ಮುಟ್ಟಿದ್ದು ಅವಳ ಕೈ.

ಈಗ ಅವಳು ಕಾಜಲನ್ನು ಬದಿಗಿಟ್ಟಿದ್ದಾಳೆ. ಕಣ್ಣಿನ ವಿಷಯದಲ್ಲಿ ಅವಸರ ಬೇಡ ಎನ್ನುತ್ತಾಳೆ. ಮೊದಲು ಒಂದೇ ಒಂದು ಫೌಂಡೇಶನ್, ಮೂರು ಛಾಯೆ, ಲೈಸೆನ್ಸ್ ಇರುವ ಕಾರ್ಖಾನೆಯಿಂದ ಮಾಡಿಸುವುದು. ವಿದರ್ಭದ ಬಿಸಿಲಲ್ಲಿ ಮೇ ತಿಂಗಳ ಮಧ್ಯಾಹ್ನದ ಮುಹೂರ್ತಕ್ಕೆ ನಿಲ್ಲುವಂಥದ್ದು. ನಮ್ಮ ಕಡೆಯವರ ಗೋಧಿ ಬಣ್ಣಕ್ಕೂ ಇಲ್ಲಿಯ ಹೊಲದಲ್ಲಿ ದುಡಿದ ಕಪ್ಪು ಬಣ್ಣಕ್ಕೂ ಹೊಂದುವಂಥದ್ದು. ಬಿಳಿ ಮಾಡುತ್ತೇನೆ ಎನ್ನುವ ಡಬ್ಬಿ ಅಲ್ಲ. ಎರಡು ಕಡೆಯಿಂದ ಸ್ಯಾಂಪಲ್ ಬಂದಿವೆ. ಕಳೆದ ವಾರ ತನ್ನ ಎಡ ಮುಂಗೈಗೊಂದು, ಬಲ ಮುಂಗೈಗೊಂದು ಹಚ್ಚಿಕೊಂಡು, ಹೆಲ್ಮೆಟ್ ಹಾಕಿ, ಮಧ್ಯಾಹ್ನ ಒಂದೂವರೆಗೆ ಸ್ಕೂಟಿಯಲ್ಲಿ ಕಳಮೇಶ್ವರಕ್ಕೆ ಹೋಗಿಬಂದಳು. ಎಡಗೈಯದು ಬೆವರಿಗೆ ಗೆರೆಗೆರೆಯಾಗಿತ್ತು. ಬಲಗೈಯದು ಅರ್ಧ ನಿಂತಿತ್ತು. ಇನ್ನೊಂದು ಸಲ ಮಾಡಿಸಬೇಕು ಎಂದು ಡೈರಿಯಲ್ಲಿ ಬರೆದುಕೊಂಡಳು.

ವೆಬ್‌ಸೈಟು ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ. ಲೇಬಲ್ಲಿನ ಕರಡಿನಲ್ಲಿ ಅವಳ ಹೆಸರು ದೇವನಾಗರಿಯಲ್ಲಿ ದೊಡ್ಡದಾಗಿ ಬಂದಿದೆ. ಅದರ ಕೆಳಗೆ ಕನ್ನಡದಲ್ಲೂ ಒಂದು ಸಾಲು ಇರಲಿ, ನಿಮ್ಮ ಸಂಘದವರು ಕೊಳ್ಳುತ್ತಾರಲ್ಲ ಎಂದು ಅವಳೇ ಹಾಕಿಸಿದ್ದಾಳೆ. ಹಿಂಬದಿಯಲ್ಲಿ ಬ್ಯಾಚ್ ನಂಬರು, ತಯಾರಿಸಿದ ತಿಂಗಳು, ಅದರ ಮುಂದೆ ಲೈಸೆನ್ಸ್ ನಂಬರು ಎಂದು ಬರೆದು ಬಿಟ್ಟ ಖಾಲಿ ಜಾಗ. ಅದು ತುಂಬುವವರೆಗೆ ಸೈಟು ತೆರೆಯಬೇಡಿ ಎಂದಿದ್ದಾಳೆ.